ಆವಿಗೆಯೊಳಗಿನ ಮಡಕೆ

ಬೆಂಕಿ ತಗುಲಿದ ವಸ್ತುವಿನ ರೂಪ, ರಸ, ಗಂಧ, ಸ್ಪರ್ಶಗಳು ಬದಲಾಗುವುದನ್ನು ನ್ಯಾಯ, ವೈಶೇಷಿಕ ದರ್ಶನಗಳು ಪಾಕವೆಂದು ಕರೆಯುತ್ತವೆ. ಪಾಕ ಪೃಥ್ವಿಗೆ ಮಾತ್ರ ಉಂಟು; ನೀರು ಕಾದರೂ ಆರಿದ ಮೇಲೆ ಮೊದಲಿನ ನೀರೇ. ಇದಕ್ಕೆ ಮತ್ತೆ ಮತ್ತೆ ಬರುವ ಉದಾಹರಣೆ ಮಡಕೆ. ಕಪ್ಪಗಿನ ಹಸಿ ಮಡಕೆ ಆವಿಗೆಗೆ ಹೋಗಿ ಕೆಂಪಾಗಿ ಬರುತ್ತದೆ. ಹೋದದ್ದೇ ಬಂದಿತೋ, ಅದು ಅಳಿದು ಬೇರೊಂದು ಹುಟ್ಟಿತೋ ಎಂಬುದು ಪ್ರಶ್ನೆ.

ವೈಶೇಷಿಕರದು ಪೀಲುಪಾಕವಾದ. ಪೀಲು ಎಂದರೆ ಪರಮಾಣು. ಬೆಂಕಿಯ ಹೊಡೆತಕ್ಕೆ ಮಡಕೆ ಪರಮಾಣುಗಳಾಗಿ ಬಿಡಿಬಿಡಿಯಾಗುತ್ತದೆ. ಬಿಡಿ ಪರಮಾಣುವಿನಲ್ಲಿ ಕಪ್ಪು ಹೋಗಿ ಕೆಂಪು ಬರುತ್ತದೆ. ಅದೃಷ್ಟದ, ಎಂದರೆ ಕಣ್ಣಿಗೆ ಕಾಣದ ಕರ್ಮಫಲದ, ಪ್ರೇರಣೆಯಿಂದ ಎರಡು ಪರಮಾಣು ಸೇರಿ ದ್ವ್ಯಣುಕ, ಮೂರು ದ್ವ್ಯಣುಕ ಸೇರಿ ತ್ರ್ಯಣುಕ, ಹೀಗೆ ಹೊಸ ಮಡಕೆ ಕಟ್ಟಿಕೊಳ್ಳುತ್ತದೆ. ಇದಕ್ಕೆ ಹಿಡಿಯುವ ಕ್ಷಣಗಳನ್ನೂ ವ್ಯಾಖ್ಯಾನಕಾರರು ಎಣಿಸಿದರು: ಒಂದು ಲೆಕ್ಕಕ್ಕೆ ಒಂಬತ್ತು, ಇನ್ನೊಂದಕ್ಕೆ ಹತ್ತು, ಮತ್ತೊಂದಕ್ಕೆ ಹನ್ನೊಂದು. ಕಾಣದ್ದನ್ನು ಇಷ್ಟು ಕರಾರುವಾಕ್ಕಾಗಿ ಎಣಿಸುವ ಧೈರ್ಯ ತಾರ್ಕಿಕರಿಗೇ ಬರಬೇಕು.

ನೈಯಾಯಿಕರದು ಪಿಠರಪಾಕವಾದ; ಪಿಠರವೆಂದರೆ ಪಾತ್ರೆ. ಮಡಕೆ ಇಡಿಯಾಗಿಯೇ ಬೇಯುತ್ತದೆ ಎಂಬುದು ಅವರ ಪಕ್ಷ. ಆವಿಗೆಯೊಳಗೆ ಕುಂಬಾರನಿಲ್ಲ, ತಿಗರಿಯಿಲ್ಲ. ಹೊಸ ಮಡಕೆಯನ್ನು ತಟ್ಟಿದವರಾರು? ಒಂದರ ಮೇಲೊಂದು ಪೇರಿಸಿದಾಗ ಕೆಳಗಿನದು ಕ್ಷಣಕಾಲ ಇಲ್ಲವಾದರೆ ಮೇಲಿನದು ಕುಸಿಯಬೇಕಲ್ಲ? ಬೆಂಕಿ ಒಳಹೋಗಲು ಮಡಕೆ ಅಳಿಯಬೇಕಾಗಿಲ್ಲ, ಅದರ ಮೈಯೆಲ್ಲ ಸೂಕ್ಷ್ಮ ರಂಧ್ರಗಳೇ. ನೀರು ತುಂಬಿದ ಕೊಡದ ಹೊರಮೈಯ ಪಸೆಯೂ ತಂಪೂ ಇದಕ್ಕೆ ಸಾಕ್ಷಿ. ಇಡೀ ವಾದದಲ್ಲಿ ಕೈಯಿಂದ ಮುಟ್ಟಿ ನೋಡಬಹುದಾದ ಪ್ರಮಾಣ ಇದೊಂದೇ.

ಮಡಕೆ ಬೆಂದಿತೇ ಎಂದು ತಿಳಿಯಲು ಕುಂಬಾರನ ಪರೀಕ್ಷೆ ಇನ್ನೂ ಸರಳ: ತಟ್ಟಿದರೆ ಬೆಂದದ್ದು ಕಣಕಣ ಎನ್ನುತ್ತದೆ. ಭಾಲ್ಕಿಯ ಶರಣ ಕುಂಬಾರ ಗುಂಡಯ್ಯನಿಗೆ ಮಡಕೆಯೇ ವಾದ್ಯ. ಆ ನಾದಕ್ಕೆ ಶಿವನೇ ಬಂದು ಕುಣಿದನೆಂಬ ಕಥೆಯನ್ನು ಹರಿಹರ ರಗಳೆಯಾಗಿಸಿದ್ದಾನೆ.

ನೀರಿಗೂ ಈ ದರ್ಶನಗಳಲ್ಲಿ ಒಂದು ಕೆಲಸವಿದೆ. ಪುಡಿ ಉಂಡೆಗಟ್ಟಲು ಕಾರಣವಾದ ಗುಣ ಸ್ನೇಹ. ಅದಿರುವುದು ನೀರಿನಲ್ಲಿ ಮಾತ್ರ ಎನ್ನುತ್ತದೆ ಅನ್ನಂಭಟ್ಟನ ತರ್ಕಸಂಗ್ರಹ. ಹೀಗೆ ತಿಗರಿಯ ಮೇಲೆ ಕೂಡಿಸುವುದು ನೀರಿನ ಪಾಲು, ಆವಿಗೆಯಲ್ಲಿ ಮಾರ್ಪಡಿಸುವುದು ಬೆಂಕಿಯ ಪಾಲು. ಪೀಲುಪಾಕ, ಪಿಠರಪಾಕ ಎರಡೂ ಪ್ರಶ್ನಿಸದೆ ಒಪ್ಪಿದ ವಿಭಜನೆ ಇದು.

ಸಾಮಾನ್ಯ ಮಡಕೆಗೆ ಅದು ಸರಿಯೇ. ಜೇಡಿಯಲ್ಲಿನ ಕಯೋಲಿನೈಟ್ ಸುಮಾರು 500–600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹರಳಿನೊಳಗೇ ಸೇರಿಕೊಂಡ ನೀರನ್ನು ಬಿಟ್ಟುಕೊಡುತ್ತದೆ, ಕಬ್ಬಿಣದ ಅಂಶ ಹೆಮಟೈಟ್ ಆಗಿ ಕೆಂಪೇರುತ್ತದೆ. ಬಂಧಗಳು ಅಣುಮಟ್ಟದಲ್ಲಿ ಕಳಚಿ ಕೂಡುತ್ತವೆ, ಆಕಾರ ಮಾತ್ರ ನಿಂತೇ ಇರುತ್ತದೆ.

ನೀರು, ಶಾಖ, ಒತ್ತಡ ಮೂರನ್ನೂ ಒಂದೇ ಪಾತ್ರೆಯಲ್ಲಿ ಕೂಡಿಸುವ ಜಲೋಷ್ಣ ವಿಧಾನ ಈ ವಿಭಜನೆಯನ್ನು ಮುರಿಯುತ್ತದೆ. ಈ ವಿದ್ಯೆಯ ಕೈಪಿಡಿಯನ್ನು ಮೈಸೂರು ವಿಶ್ವವಿದ್ಯಾನಿಲಯದ ಕೆ. ಬೈರಪ್ಪ, ಜಪಾನಿನ ಮಸಾಹಿರೊ ಯೋಶಿಮುರ ಅವರೊಡನೆ 2001ರಲ್ಲಿ ಹೊರತಂದರು. 1980ರ ದಶಕದಲ್ಲಿ ಜಪಾನಿನ ಕೋಚಿ ವಿಶ್ವವಿದ್ಯಾಲಯದಲ್ಲಿ ನಕಮಿಚಿ ಯಮಸಾಕಿ ಮತ್ತು ಸಂಗಡಿಗರು ಈ ವಿಧಾನಕ್ಕೆ ಪಿಸ್ಟನ್ನಿನ ಒತ್ತಡವನ್ನೂ ಸೇರಿಸಿದರು. ಕುಲುಮೆಯ ಉರಿಗಿಂತ ಬಹಳ ಕಡಿಮೆ ಶಾಖ ಸಾಕಾಯಿತು. ಕಣಗಳು ಒಂದಕ್ಕೊಂದು ಒತ್ತಿಕೊಂಡ ಜಾಗದಲ್ಲಿ ವಸ್ತು ನೀರಿನಲ್ಲಿ ಕರಗುತ್ತದೆ, ಪಕ್ಕದ ಸಂದಿನಲ್ಲಿ ಮತ್ತೆ ಗಟ್ಟಿಯಾಗುತ್ತದೆ. ಹಿಂಡಿದ ನೀರು ಸರಿದು ನಿಲ್ಲಲು ಪಾತ್ರೆಯಲ್ಲೇ ಎಡೆ ಬಿಟ್ಟಿರುತ್ತಾರೆ. ಪೀಲುಪಾಕದವರು ಊಹಿಸಿದ ಬಿಡುವಿಕೆ, ಕೂಡುವಿಕೆ ಇಲ್ಲಿ ಕಣದ ಅಂಚಿನಲ್ಲಿ ನಡೆಯುತ್ತದೆ; ಪಿಠರಪಾಕದವರು ಹಟ ಹಿಡಿದಂತೆ ಇಡೀ ಗಟ್ಟಿ ಒಂದು ಕ್ಷಣವೂ ಇಲ್ಲವಾಗುವುದಿಲ್ಲ. ಆದರೆ ಮಾರ್ಪಡಿಸುವ ಕೆಲಸದಲ್ಲಿ ನೀರೂ ಪಾಲುದಾರ, ಇದನ್ನು ಇಬ್ಬರೂ ಒಪ್ಪುತ್ತಿರಲಿಲ್ಲ.

ರಂಧ್ರದ ವಿಷಯದಲ್ಲಿ ನೈಯಾಯಿಕರ ಕೊಡ ಮತ್ತೆ ನೆನಪಾಗುತ್ತದೆ. ಗಾಜಿನ ಪುಡಿಯನ್ನು ಹೀಗೆ ಒತ್ತಿದರೆ ಒಂದಿಷ್ಟು ನೀರು ಗಟ್ಟಿಯೊಳಗೇ ಉಳಿಯುತ್ತದೆ. ಅದನ್ನು ಮತ್ತೆ ಕಾಯಿಸಿದರೆ ಆ ನೀರು ಆವಿಯಾಗಿ ಉಬ್ಬಿ, ಗಾಜು ಒಳಗೆಲ್ಲ ಗುಳ್ಳೆಗಳಾಗಿ ನಿಲ್ಲುತ್ತದೆ. ಕೊಡದಲ್ಲಿ ರಂಧ್ರದಿಂದ ನೀರು ಹೊರಬಂದಿತ್ತು. ಇಲ್ಲಿ ನೀರು ಹೊರಟ ದಾರಿಯೇ ರಂಧ್ರ.