ಬೇಟೆನಾಯಿಯ ಆಯ್ಕೆ ಮತ್ತು ಕೊಲೆಯ ಹೊಣೆ

ಬಯಲಿನಲ್ಲಿ ಮೊಲ ಹಿಡಿಸಲು ನಾಯಿ ಆರಿಸುವವರು ಮುಖ್ಯವಾಗಿ ಎರಡು ಗುಣಗಳನ್ನು ನೋಡುತ್ತಾರೆ. ಒಂದು ಓಟ, ಇನ್ನೊಂದು ಹೇಳಿದ ಮಾತು ಕೇಳುವ ಬುದ್ಧಿ. ಇವೆರಡೂ ಒಂದೇ ತಳಿಯಲ್ಲಿ ಬೇಕಾದ ಹದಕ್ಕೆ ಸಿಗುವುದು ಅಪರೂಪ. ಅದಕ್ಕೇ ಇಂಗ್ಲೆಂಡಿನ ಹಳ್ಳಿಗರು ಗ್ರೇಹೌಂಡ್, ವಿಪೆಟ್‌ನಂಥ ಓಟದ ನಾಯಿಗೆ ಕುರಿ ಕಾಯುವ ಕೋಲಿಯನ್ನೋ ಬಿಲ ಬಗೆಯುವ ಟೆರಿಯರನ್ನೋ ಕೂಡಿಸಿ ಲರ್ಚರ್ ಎಂಬ ಮಿಶ್ರತಳಿಯನ್ನು ಬೆಳೆಸಿದರು. ಕರ್ನಾಟಕದಲ್ಲಿ ಈ ಸಾಲಿಗೆ ಸೇರುವುದು ಮುಧೋಳ ನಾಯಿ. ನೀಳ ಮೂತಿ, ಆಳವಾದ ಎದೆ, ಒಳಸೇದಿದ ಹೊಟ್ಟೆ. ಮೂಸಿ ಹುಡುಕುವುದಕ್ಕಿಂತ ಕಣ್ಣಿಗೆ ಬಿದ್ದದ್ದನ್ನು ಅಟ್ಟಿ ಹಿಡಿಯುವುದೇ ಅದರ ಕೆಲಸ. ಯಾವ ಹೆಣ್ಣಿಗೆ ಯಾವ ಗಂಡು, ಯಾವ ಸೂಲಿನ ಯಾವ ಮರಿ ಎಂದು ಗೊತ್ತುಮಾಡುವವನು ಮನುಷ್ಯ, ಮೊಲದ ಕತ್ತು ಹಿಡಿಯುವುದು ನಾಯಿ. ಹಾಗಿದ್ದರೆ ಆ ಸಾವು ಯಾರ ಲೆಕ್ಕಕ್ಕೆ ಸೇರುತ್ತದೆ? ಭಾರತದ ಧರ್ಮಚಿಂತನೆ ಈ ಪ್ರಶ್ನೆಯನ್ನು ಹಲವು ದಿಕ್ಕುಗಳಿಂದ ನೋಡಿದೆ.

ಆ ಪ್ರಶ್ನೆಯನ್ನು ಒಂದು ಸೀಮೆಗೆ ಹೊಂದಿಸಿ ನೋಡಬಹುದು. ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ನೆಲ ಮುಧೋಳದ ಎರೆಬಯಲಿನಂಥದ್ದಲ್ಲ. ಕಣಿವೆಯಲ್ಲಿ ಅಡಿಕೆ ತೋಟ, ಇಳಿಜಾರಿನಲ್ಲಿ ಗೇರು, ರಬ್ಬರು, ಅದರಾಚೆ ಘಟ್ಟದ ಕಾಡು. ನಡುನಡುವೆ ಪದವುಗಳು, ಎಂದರೆ ಮುರಕಲ್ಲಿನ ಎತ್ತರದ ಬಯಲುಗಳು, ಇವೆ. ಮಳೆಗಾಲ ಕಳೆದ ಮೇಲೆ ಅಲ್ಲಿ ಮೊಣಕಾಲೆತ್ತರದ ಹುಲ್ಲು ಒಣಗಿ ನಿಂತಿರುತ್ತದೆ. ಮೊಲ ಇರುವುದು ಅಂಥ ಕಡೆ. ಇಲ್ಲಿನದು ಕಪ್ಪುಕತ್ತಿನ ಕಾಡುಮೊಲ. ಇಂಗ್ಲೆಂಡಿನ ಬಿಲದ ಮೊಲದ ಹಾಗೆ ನೆಲ ತೋಡುವುದಿಲ್ಲ. ಹುಲ್ಲಿನ ಬುಡದಲ್ಲಿ ತನ್ನ ಮೈಯಷ್ಟೇ ಅಗಲದ ಗುಳಿ ಮಾಡಿಕೊಂಡು, ಕಿವಿಯನ್ನು ಬೆನ್ನಿಗೆ ಒತ್ತಿ ಕುಳಿತುಬಿಡುತ್ತದೆ. ಹೆಜ್ಜೆ ತೀರಾ ಹತ್ತಿರ ಬರುವವರೆಗೂ ಅಲುಗಾಡದು. ಎದ್ದರೆ ಅಡ್ಡಾದಿಡ್ಡಿ ತಿರುಗುತ್ತ ಓಡುತ್ತದೆ. ನೇರ ಓಟದಲ್ಲಿ ಗ್ರೇಹೌಂಡ್ ಗಂಟೆಗೆ 60 ಕಿಲೋಮೀಟರು ದಾಟಿದರೂ ಆ ತಿರುವಿನಲ್ಲಿ ಮುಗ್ಗರಿಸುತ್ತದೆ. ಪದವಿನ ಅಂಚಿನ ಪೊದೆ ಸಿಕ್ಕರೆ ಮೊಲ ಬದುಕಿತು. ಆದ್ದರಿಂದ ಈ ಭಾಗದಲ್ಲಿ ಬರೀ ಓಟದ ತಳಿಗಿಂತ ಮೂಸಿ ಎಬ್ಬಿಸುವ, ಬೊಗಳಿ ಅಡ್ಡಗಟ್ಟುವ ಊರನಾಯಿಗಳ ಗುಂಪೇ ಬೇಟೆಗೆ ಒದಗುತ್ತದೆ.

ಈ ತಾಲೂಕುಗಳು ಸೇರಿದ ತುಳುನಾಡಿನ ಆಚರಣೆಯಲ್ಲಿ ಬೇಟೆಗೆ ಹಳೆಯ ಸ್ಥಾನವಿದೆ. ಫೆಬ್ರವರಿಯ ಹೊತ್ತಿಗೆ ಬರುವ ಕೆಡ್ಡಸ ಹಬ್ಬದಲ್ಲಿ ಭೂಮಿತಾಯಿ ಮುಟ್ಟಾಗುತ್ತಾಳೆಂದು ಮೂರು ದಿನ ನೆಲ ಅಗೆಯುವುದಿಲ್ಲ, ಹಸಿರು ಕಡಿಯುವುದಿಲ್ಲ. ಅದೇ ದಿನಗಳಲ್ಲಿ ಗಂಡಸರು ಬೇಟೆಗೆ ಹೋಗುವ ವಾಡಿಕೆಯಿತ್ತು. ಗಿಡಕ್ಕೆ ಕತ್ತಿ ತಾಗಿಸಬಾರದ ದಿನ ಪ್ರಾಣಿಯ ಮೇಲೆ ನಾಯಿ ಬಿಡಬಹುದಾದದ್ದು ಹೇಗೆ ಎಂಬುದು ಕೇಳಲೇಬೇಕಾದ ಪ್ರಶ್ನೆ. ಪುತ್ತೂರಿನ ಪಡುಮಲೆಯಲ್ಲಿ ಹುಟ್ಟಿದ ಅವಳಿ ವೀರರಾದ ಕೋಟಿ ಚೆನ್ನಯರ ಪಾಡ್ದನವೆಂಬ ಹಾಡುಗತೆಯಲ್ಲಿ ಎಣ್ಮೂರು ಸೀಮೆಗೂ ಪಂಜ ಸೀಮೆಗೂ ಕಾಳಗ ಹತ್ತಿಕೊಳ್ಳುವುದು ಬೇಟೆಯಲ್ಲಿ ಬಿದ್ದ ಒಂದು ಹಂದಿಗಾಗಿ. ಅದೇ ನಾಡಿನಲ್ಲಿ ಹಂದಿ ಪಂಜುರ್ಲಿ ಎಂಬ ದೈವವೂ ಹೌದು. ಇರುಳು ತೋಟಕ್ಕೆ ನುಗ್ಗಿದ ಹಂದಿಯನ್ನು ನಾಯಿ ಬಿಟ್ಟು ಓಡಿಸುವ ಮನೆಯವರೇ ಕೋಲದ ದಿನ ಪಂಜುರ್ಲಿಯ ಮುಂದೆ ಕೈ ಮುಗಿದು ನಿಲ್ಲುತ್ತಾರೆ. ಇದು ಗೊಂದಲವಲ್ಲ. ಬೆಳೆ ತಿನ್ನುವ ಪ್ರಾಣಿಗೂ ಈ ನೆಲದ ಮೇಲೆ ಹಕ್ಕಿದೆ ಎಂಬ ಒಪ್ಪಿಗೆ ಅದರಲ್ಲಿದೆ.

ಶಾಸ್ತ್ರಗಳಲ್ಲಿ ಬೇಟೆಯ ಬಗ್ಗೆ ಒಮ್ಮತವಿಲ್ಲ. ಮನುಸ್ಮೃತಿ ಕಾಮದಿಂದ ಹುಟ್ಟುವ ಹತ್ತು ವ್ಯಸನಗಳ ಪಟ್ಟಿಯಲ್ಲಿ ಬೇಟೆಯನ್ನೇ ಮೊದಲು ಹೆಸರಿಸುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರ ಅದನ್ನು ವ್ಯಸನಗಳೊಂದಿಗೇ ಚರ್ಚಿಸಿದರೂ ಅದರಿಂದಾಗುವ ಲಾಭಗಳನ್ನು ಎಣಿಸುತ್ತದೆ: ಮೈಗೆ ವ್ಯಾಯಾಮ, ಕೊಬ್ಬಿನ ಇಳಿತ, ಓಡುವ ಗುರಿಗೆ ಹೊಡೆಯುವ ಅಭ್ಯಾಸ, ಸಿಟ್ಟಿನಲ್ಲಿ ಮತ್ತು ಭಯದಲ್ಲಿ ಪ್ರಾಣಿಯ ಮನಸ್ಸು ಹೇಗಿರುತ್ತದೆಂಬ ತಿಳಿವು. ಇವೆರಡೂ ಅರಸನನ್ನು ಮುಂದಿಟ್ಟುಕೊಂಡ ಮಾತುಗಳು. ಬಾಣ ಬಿಡುವ ಕೈ ಯಾರದೆಂಬುದು ಅಲ್ಲಿ ಸ್ಪಷ್ಟ. ಕೈ ಮನುಷ್ಯನದಲ್ಲದೆ ಹಲ್ಲು ನಾಯಿಯದಾದಾಗ ಏನು ಎಂಬುದಕ್ಕೆ ಬೇರೆ ಕಡೆ ಹುಡುಕಬೇಕು.

ಉತ್ತರ ಸಿಗುವುದು ಪತಂಜಲಿಯ ಯೋಗಸೂತ್ರದಲ್ಲಿ. ಎರಡನೆಯ ಪಾದದ 34ನೆಯ ಸೂತ್ರ ಹಿಂಸೆಯನ್ನು ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿದ್ದು ಎಂದು ಮೂರಾಗಿ ವಿಂಗಡಿಸಿ, ಮೂರಕ್ಕೂ ಲೋಭ, ಕ್ರೋಧ, ಮೋಹಗಳು ಬೇರು ಎನ್ನುತ್ತದೆ. ವ್ಯಾಸಭಾಷ್ಯ ಈ ಬೇರುಗಳಿಗೆ ಉದಾಹರಣೆ ಕೊಡುತ್ತದೆ. ಮಾಂಸ, ಚರ್ಮದ ಆಸೆಯಿಂದ ಕೊಂದರೆ ಲೋಭ. ಇದು ನನಗೆ ಕೇಡು ಮಾಡಿತು ಎಂದು ಕೊಂದರೆ ಕ್ರೋಧ. ಇದರಿಂದ ನನಗೆ ಪುಣ್ಯ ಬರುತ್ತದೆ ಎಂದು ಕೊಂದರೆ ಮೋಹ. ಪುತ್ತೂರು ಸೀಮೆಗೆ ಇದನ್ನು ಹೊಂದಿಸುವುದು ಕಷ್ಟವಲ್ಲ: ಪದವಿನ ಮೊಲ ಮೊದಲನೆಯದು, ತೋಟದ ಹಂದಿ ಎರಡನೆಯದು, ಕೆಡ್ಡಸದ ಬೇಟೆ ಮೂರನೆಯದು. ನಾಯಿ ಬಿಟ್ಟು ಕೊಲ್ಲಿಸಿದ್ದು ‘ಮಾಡಿಸಿದ್ದು’ ಆಗುತ್ತದೆ. ಜೊತೆಗೆ ಹೋಗಿ ನೋಡಿದವನು, ಪಾಲು ಪಡೆದವನು ಒಪ್ಪಿದವನಾಗುತ್ತಾನೆ. ಬೌದ್ಧ ಪಂಡಿತ ವಸುಬಂಧು ಅಭಿಧರ್ಮಕೋಶದಲ್ಲಿ ಇನ್ನೂ ಕಟ್ಟುನಿಟ್ಟು: ಸೇನೆಯಲ್ಲಾಗಲಿ ಬೇಟೆಯಲ್ಲಾಗಲಿ ಒಂದೇ ಉದ್ದೇಶಕ್ಕೆ ಕೂಡಿದವರಲ್ಲಿ ಒಬ್ಬ ಕೊಂದರೂ ಎಲ್ಲರೂ ಕೊಂದಂತೆಯೇ.

ಜೈನ ಶ್ರಾವಕಾಚಾರ ಗ್ರಂಥಗಳು ನಾಯಿ ಓಡುವುದಕ್ಕೂ ಮೊದಲಿನ ಹಂತಕ್ಕೆ ಹೋಗುತ್ತವೆ. ಗೃಹಸ್ಥ ಬಿಡಬೇಕಾದ ಅನರ್ಥದಂಡಗಳಲ್ಲಿ, ಎಂದರೆ ಅನಗತ್ಯವಾದ ಪಾಪಕೆಲಸಗಳಲ್ಲಿ, ಹಿಂಸಾದಾನವೂ ಒಂದು. ಕೊಲ್ಲುವ ಸಾಧನಗಳನ್ನು ಒದಗಿಸುವುದು ಎಂದು ಅದರ ಅರ್ಥ. ಬೇರೆ ಜೀವಿಗಳನ್ನು ಕೊಲ್ಲುವ ಪ್ರಾಣಿಗಳನ್ನು ಸಾಕುವುದನ್ನೂ ಈ ಚರ್ಚೆಯಲ್ಲಿ ತರಲಾಗಿದೆ. ಆಯುಧ ಕೊಡುವುದೂ ಅಂಥ ಪ್ರಾಣಿಯನ್ನು ಸಾಕಿ ಬೆಳೆಸುವುದೂ ಒಂದೇ ಸಾಲಿನ ತಪ್ಪುಗಳು. ಜೈನ ಅರಸುಮನೆತನಗಳು ಆಳಿದ ತುಳುನಾಡಿಗೆ ಈ ವಿಚಾರ ಹೊರಗಿನದಲ್ಲ. ಬೇಟೆನಾಯಿಯ ವಿಷಯದಲ್ಲಿ ಎಲ್ಲಕ್ಕಿಂತ ಸರಿಯಾದ ಜಾಗಕ್ಕೆ ಬೆರಳಿಟ್ಟದ್ದು ಈ ವಾದವೇ. ಅಟ್ಟುವ ಗಳಿಗೆಯಲ್ಲಿ ಮನುಷ್ಯ ಮಾಡುವುದು ಹೆಚ್ಚೇನಿಲ್ಲ. ಛೂ ಎಂದು ಬಿಟ್ಟರೆ ಮುಗಿಯಿತು. ಅವನ ಸಂಕಲ್ಪ ಪೂರ್ತಿಯಾಗಿ ಕಾಣುವುದು ತಿಂಗಳುಗಟ್ಟಲೆ ಮೊದಲು, ಹೆಚ್ಚು ಚುರುಕಾಗಿ ಹಿಡಿಯುವ ಮರಿ ಇದೇ ಎಂದು ಎತ್ತಿಕೊಳ್ಳುವಾಗ. ಅದರ ಕಾಲಿನ ಉದ್ದ, ದವಡೆಯ ಬಲ, ತಾಯಿಯ ಬೇಟೆಯ ಹೆಸರು ಎಲ್ಲವನ್ನೂ ತೂಗಿ ನೋಡಿದವನಿಗೆ ಅದು ಏನು ಮಾಡಲಿದೆ ಎಂಬುದು ತಿಳಿದೇ ಇರುತ್ತದೆ.

ಸಂಕಲ್ಪ ಎಷ್ಟು ಭಾರವಾದದ್ದೆಂದು ಕನ್ನಡದಲ್ಲಿ ಜನ್ನನಷ್ಟು ತೀವ್ರವಾಗಿ ತೋರಿಸಿದವರಿಲ್ಲ. 1209ರ ‘ಯಶೋಧರ ಚರಿತೆ’ಯಲ್ಲಿ ಅರಸ ಯಶೋಧರ ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಹರಿದದ್ದು ರಕ್ತವಲ್ಲ, ಸತ್ತದ್ದು ಜೀವವಲ್ಲ. ಆದರೂ ಕೊಲ್ಲುವ ಭಾವದ ಫಲವಾಗಿ ಮಗ ನವಿಲಾಗಿ, ತಾಯಿ ನಾಯಿಯಾಗಿ ಹುಟ್ಟುತ್ತಾರೆ. ಆ ನಾಯಿಯೇ ಆ ನವಿಲನ್ನು ಕೊಲ್ಲುತ್ತದೆ. ಮುಂದೆ ಯಶೋಧರನ ಮಗ ಯಶೋಮತಿ ಬೇಟೆಗೆ ಹೊರಟಾಗ ಸುದತ್ತ ಮುನಿಯ ಮೇಲೆ ನಾಯಿಗಳನ್ನು ಬಿಡುತ್ತಾನೆ. ಅವು ಮುನಿಗೆ ಏನೂ ಮಾಡದೆ ಶಾಂತವಾಗುತ್ತವೆ. ಹಿಂಸೆ ನಾಯಿಯ ಹುಟ್ಟುಗುಣವಾಗಿರಬಹುದು, ಕ್ರೌರ್ಯ ಅದನ್ನು ಛೂ ಬಿಟ್ಟವನದು ಎಂಬುದು ಆ ಪ್ರಸಂಗದ ತಾತ್ಪರ್ಯ. ಕುಕ್ಕೆ ಸುಬ್ರಹ್ಮಣ್ಯದ ಮಠವೂ ಸೇರಿದ ತುಳುನಾಡಿನ ಮಧ್ವ ಪರಂಪರೆ ಯಜ್ಞದಲ್ಲಿ ಹಿಟ್ಟಿನ ಪಶುವನ್ನು ಒಪ್ಪಿದ್ದು ಪ್ರಾಣಿಯ ಜೀವ ಉಳಿಸಲೆಂದು. ಜನ್ನನಿಗೆ ಹಿಟ್ಟಿನ ಕೋಳಿಯೂ ಹಿಂಸೆ, ಮಾಧ್ವರಿಗೆ ಹಿಟ್ಟಿನ ಪಶು ಹಿಂಸೆಯಿಂದ ಬಿಡುಗಡೆ. ಇಬ್ಬರೂ ನೋಡುತ್ತಿರುವುದು ಮಾಡುವವನ ಮನಸ್ಸನ್ನೇ.

ನಾಯಿಗೇ ಪಾಪವಿದೆ ಎಂದು ಬರೆದ ಒಂದು ಕನ್ನಡ ಶಾಸನವುಂಟು. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರಿನದು, ಕಾಲ ಸುಮಾರು 949-50. ತಕ್ಕೋಲದ ಕಾಳಗದಲ್ಲಿ ಗಂಗ ಅರಸ ಬೂತುಗನ ಆಪ್ತ ಮಣಲರ ಪರಾಕ್ರಮ ತೋರಿದ. ಏನು ಬೇಕು ಎಂದರೆ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಅದನ್ನು ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಮಣಲರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟ. ಆ ದತ್ತಿಯನ್ನು ಕೆಡಿಸಿದವನಿಗೆ, ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ, ಎಂದರೆ ಪೂಜಾರಿಗೆ, ನಾಯಿ ಮಾಡಿದ ಪಾಪ ತಟ್ಟುತ್ತದೆ ಎಂದು ಶಾಸನ ಶಪಿಸುತ್ತದೆ. ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬರೆಸಿದವರ ಮನಸ್ಸಿನಲ್ಲಿ ಬೇಟೆ ಪಾಪವೆಂಬ ಅರಿವೂ ನಾಯಿಯ ಮೇಲಿನ ಗೌರವವೂ ಒಟ್ಟಿಗಿದ್ದವು. ಆ ಪಾಪವನ್ನು ನಾಯಿಯ ತಲೆಗೆ ಕಟ್ಟಿ ಅವರು ಸುಮ್ಮನಾಗಲಿಲ್ಲ. ಅದರ ಋಣ ಮರೆತ ಮನುಷ್ಯನಿಗೆ ದಾಟಿಸಿದರು. ಕಾಸರಗೋಡಿನಿಂದ ಕಣ್ಣೂರಿನವರೆಗೆ ಬಿಲ್ಲು ಹಿಡಿದು ಬರುವ ಮುತ್ತಪ್ಪ ದೈವದ ಆರಾಧನೆಯಲ್ಲೂ ನಾಯಿಗೆ ಇಂಥ ಮನ್ನಣೆಯಿದೆ. ಪರಶ್ಶಿನಿಕಡವಿನ ಮುತ್ತಪ್ಪ ಕ್ಷೇತ್ರದೊಳಗೆ ನಾಯಿಗಳಿಗೆ ಅಡ್ಡಿಯಿಲ್ಲ.

ನಾಯಿ ತನ್ನ ಸ್ವಭಾವದಂತೆ ಅಟ್ಟುತ್ತದೆ, ಮನುಷ್ಯ ಏಕೆ ಹೊಣೆ ಎಂಬ ಆಕ್ಷೇಪವೊಂದಿದೆ. ಊರನಾಯಿ ತಾನಾಗಿ ಹೋಗಿ ಮೊಲ ಹಿಡಿದು ತಂದರೆ ಈ ಮಾತಿಗೆ ಸ್ವಲ್ಪ ಬಲವಿದೆ. ಹುಡುಕಿ ತಂದ, ಕೂಡಿಸಿ ಬೆಳೆಸಿದ ತಳಿಯ ಮಟ್ಟಿಗೆ ಅದು ನಿಲ್ಲುವುದಿಲ್ಲ, ಏಕೆಂದರೆ ಅಲ್ಲಿ ಸ್ವಭಾವವೇ ಮನುಷ್ಯನ ಕೈಯ ಕೆಲಸ. ಬೆಳೆ ಕಾಯುವ ನಾಯಿಯ ಪ್ರಶ್ನೆ ಬೇರೆ. ಜೈನರು ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ಬಿಡಿಸಿ, ಬೇಸಾಯದಲ್ಲಿ, ಆತ್ಮರಕ್ಷಣೆಯಲ್ಲಿ ತಪ್ಪಿಸಲಾಗದ್ದನ್ನು ಗೃಹಸ್ಥನಿಗೆ ಮನ್ನಿಸಿದರು. ಬೇಕೆಂದು ಮಾಡಿದ್ದನ್ನು, ಎಂದರೆ ಸಂಕಲ್ಪಿಯನ್ನು, ಮನ್ನಿಸಲಿಲ್ಲ. ಅಲಸಂಡೆ ಸಾಲಿನಿಂದ ಮೊಲವನ್ನು, ಅಡಿಕೆ ತೋಟದಿಂದ ಹಂದಿಯನ್ನು ಬೊಗಳಿ ಹೊರಗಟ್ಟುವ ನಾಯಿಗೂ ಪದವಿನಲ್ಲಿ ಹುಡುಕಿ ಹಿಡಿಯುವ ನಾಯಿಗೂ ಇರುವ ವ್ಯತ್ಯಾಸ ಇದೇ.

ಕಾನೂನು ಸರಿಸುಮಾರು ಇದೇ ಗೆರೆಯನ್ನು ಎಳೆದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ. ಅಟ್ಟಿಸಿಕೊಂಡು ಹೋಗುವುದು, ಉರುಳು ಹಾಕುವುದು, ಸೋಹುವುದು, ಇವುಗಳ ಪ್ರಯತ್ನವೂ ಬೇಟೆಯೇ. ಕಾಡುಮೊಲವೂ ಆ ಕಾಯ್ದೆಯ ರಕ್ಷಣೆಯಲ್ಲಿದೆ. ಹೀಗಾಗಿ ಇಲ್ಲಿ ಮೊಲಕ್ಕೆ ನಾಯಿ ಬಿಟ್ಟವನು ಅದು ತಪ್ಪಿಸಿಕೊಂಡರೂ ತಪ್ಪಿತಸ್ಥನೇ. ಇಂಗ್ಲೆಂಡಿನ 2004ರ ಕಾನೂನು ನಾಯಿ ಬಿಟ್ಟು ಕಾಡುಪ್ರಾಣಿ ಹಿಡಿಯುವುದನ್ನು ನಿಷೇಧಿಸಿದರೂ, ಜಮೀನುದಾರನ ಒಪ್ಪಿಗೆಯಿದ್ದರೆ ಬಿಲದ ಮೊಲವನ್ನೂ ಇಲಿಯನ್ನೂ ಹೊರಗಿಟ್ಟಿತು. ಬಯಲಿನ ದೊಡ್ಡ ಮೊಲಕ್ಕೆ ಆ ವಿನಾಯಿತಿ ಕೊಡಲಿಲ್ಲ. ಬೆಳೆಗೆ ಹಾನಿ ಮಾಡುವ ಪ್ರಾಣಿ, ಮೋಜಿನ ಓಟಕ್ಕೆ ಬಲಿಯಾಗುವ ಪ್ರಾಣಿ ಎಂದು ಬೇರೆಬೇರೆಯಾಗಿ ತೂಗಿದ ಗುರುತು ಅಲ್ಲಿದೆ. ಲರ್ಚರ್ ಸಾಕುವುದಕ್ಕೆ ಆ ದೇಶದಲ್ಲಿ ಇಂದಿಗೂ ಎಡೆ ಉಳಿದಿರುವುದಕ್ಕೆ ಆ ವಿನಾಯಿತಿಯೂ ಒಂದು ಕಾರಣ. ಪುತ್ತೂರು, ಸುಳ್ಯ, ಕಡಬದಲ್ಲಿ ನಾಯಿಮರಿ ಆರಿಸುವವರಿಗೆ ನ್ಯಾಯವಾಗಿ ಉಳಿದಿರುವುದು ಕಾವಲಿನ ಕೆಲಸ. ಅದಕ್ಕೆ ಓಟಕ್ಕಿಂತ ಎಚ್ಚರ, ಹಿಡಿತಕ್ಕಿಂತ ಬೊಗಳು ಮತ್ತು ಕರೆದರೆ ಹಿಂದಿರುಗುವ ಅಭ್ಯಾಸ ಮುಖ್ಯ.