ಊರೀಯನ ಹೆಸರು



ಮರಿಯಮ್ಮನವರ ಜನ್ಮದಿನವಾದ ಮೊಂತಿ ಹಬ್ಬದ ಶುಭಸಂದೇಶ ಮಕ್ಕಳಿಗೆ ಬೇಸರ ತರಿಸುತ್ತದೆ. ಅವನಿಂದ ಇವನು, ಇವನಿಂದ ಮತ್ತೊಬ್ಬ. ಕೈಯಲ್ಲಿ ಹೊಸ ಬೆಳೆಯ ತೆನೆ ಹಿಡಿದ ಮಗುವಿಗೆ ಈ ವಂಶಾವಳಿ ಯಾವಾಗ ಮುಗಿದೀತು ಎಂಬ ಚಿಂತೆ. ಆದರೆ ದಾವೀದನ ಹೆಸರು ಬಂದಲ್ಲಿ ಸಂತ ಮತ್ತಾಯರು ಬೇಕೆಂದೇ ಎಡವುತ್ತಾರೆ. ಸೊಲೊಮೋನನ ತಾಯಿ ಬತ್ಷೆಬಳ ಹೆಸರು ಹೇಳುವುದಿಲ್ಲ. ಊರೀಯನ ಹೆಂಡತಿಯಾಗಿದ್ದವಳು ಎನ್ನುತ್ತಾರೆ. ದಾವೀದ ಆ ಊರೀಯನನ್ನು ಯುದ್ಧದ ಮುಂಚೂಣಿಗೆ ನಿಲ್ಲಿಸಿ ಕೊಲ್ಲಿಸಿದ್ದ. ಕೀರ್ತಿವಂತ ಅರಸನ ವಂಶಾವಳಿಯಲ್ಲೇ ಅವನಿಂದ ಸತ್ತ ಸೈನಿಕನ ಹೆಸರು ಉಳಿದುಬಿಟ್ಟಿದೆ!

ನಮ್ಮ ಕೊಡಗಿನ ಅರಸನ ಕಥೆಯನ್ನೂ ಹೀಗೆ ಹೇಳಲು ಬರುತ್ತದೆಯೇ? 1784ರಲ್ಲಿ ಕೆನರಾದ ಕ್ರೈಸ್ತರನ್ನು ಟಿಪ್ಪು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ. ತಪ್ಪಿಸಿಕೊಂಡು ಬಂದವರಿಗೆ ನೆಲೆ ಕೊಟ್ಟವನು ಈ ಅರಸ, ದೊಡ್ಡ ವೀರರಾಜೇಂದ್ರ. ಅವನೂ ಟಿಪ್ಪುವಿನ ಸೆರೆ ಕಂಡವನೇ. 1788ರಲ್ಲಿ ಪಿರಿಯಾಪಟ್ಟಣದಿಂದ ಪಾರಾಗಿ ಬಂದಿದ್ದ. ನಾವು ಸಂತೆಗೆ ಹೋಗುವ ವಿರಾಜಪೇಟೆಗೆ ಅವನದೇ ಹೆಸರು. 1792ರಲ್ಲಿ ಅಲ್ಲಿ ಸಂತ ಅನ್ನಮ್ಮನವರ ದೇವಾಲಯ ಎದ್ದದ್ದು ಅವನು ಕೊಟ್ಟ ನೆಲದಲ್ಲಿ. ಆ ಋಣವನ್ನು ನಾನು ಮರೆಯಲಾರೆ.

ಕೊನೆಯ ವರ್ಷಗಳಲ್ಲಿ ಅದೇ ಅರಸ ಸಂಶಯಕ್ಕೆ ಸಿಕ್ಕು ನಂಬಿದವರನ್ನೇ ಕೊಲ್ಲಿಸಿದ. ಸಿಟ್ಟಿನಲ್ಲಿ ಆಜ್ಞೆ, ಆಮೇಲೆ ಪಶ್ಚಾತ್ತಾಪ. ಅಷ್ಟರಲ್ಲಿ ತಲೆ ಹೋಗಿರುತ್ತಿತ್ತು. 1809ರಲ್ಲಿ ಅವನೂ ತೀರಿಕೊಂಡ. ತನ್ನ ವಂಶದ ಚರಿತ್ರೆಯನ್ನು ‘ರಾಜೇಂದ್ರನಾಮೆ’ ಎಂದು ಬರೆಸಿದವನೂ ಅವನೇ. ಅದು ಅರಸನ ಕಣ್ಣಿಗೆ ಕಂಡ ಕಥೆ. ದಾವೀದನ ಕಥೆಯಲ್ಲಾದರೋ ಪ್ರವಾದಿ ನಾತಾನ ಅರಮನೆಗೇ ಬಂದು, ಬಡವನ ಒಂದೇ ಕುರಿಮರಿಯ ಸಾಮತಿ ಹೇಳಿ, ಅಪರಾಧಿ ನೀನೇ ಎಂದ. ಇಲ್ಲಿನ ಅರಸನಿಗೆ ಹಾಗೆನ್ನುವವರು ಯಾರಿದ್ದರು?

ಟಿಪ್ಪುವಿನ ಮಾತೂ ಬರಲಿ. 1799ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನೆಯೊಡನೆ ಕಾದಾಡುತ್ತಲೇ ಸತ್ತವನು ಅವನು. ಅದನ್ನು ಅಲ್ಲಗಳೆಯುವುದು ಸುಳ್ಳು. ನಮ್ಮ ಹಿರಿಯರ ಸೆರೆಯನ್ನೂ ದೇವಟ್ಟಿಪರಂಬಿನಲ್ಲಿ ಅವನ ಸೇನೆಯ ಕೈಯಲ್ಲಿ ಸತ್ತ ಕೊಡವರನ್ನೂ ಮರೆಸುವುದು ಅಷ್ಟೇ ಸುಳ್ಳು. ಆದರೆ ಆ ಲೆಕ್ಕವನ್ನು ಇಂದಿನ ಮುಸ್ಲಿಂ ನೆರೆಯವರ ಮನೆ ಬಾಗಿಲಲ್ಲಿ ಕೇಳಲು ನಮಗೆ ಯಾವ ಹಕ್ಕೂ ಇಲ್ಲ. 2015ರ ನವೆಂಬರಿನಲ್ಲಿ ಮಡಿಕೇರಿಯಲ್ಲಿ ಟಿಪ್ಪು ಜಯಂತಿಯ ಜಗಳದ ನಡುವೆ ಜೀವವೇ ಹೋಯಿತು.

ಇಂದಿನ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ದೊಡ್ಡ ವೀರರಾಜೇಂದ್ರನ ಆತ್ಮಕ್ಕಾಗಿ ಬೇಡೋಣ. ಅದರ ಬೆನ್ನಿಗೇ, ಅವನ ಅಪ್ಪಣೆಗೆ ಪ್ರಾಣ ತೆತ್ತವರಿಗಾಗಿಯೂ. ಅವರ ಹೆಸರು ಬರುವ ಜಾಗದಲ್ಲಿ ಕ್ಷಣಕಾಲ ಸುಮ್ಮನೆ ನಿಲ್ಲೋಣ. ಆಮೇಲೆ ತೆನೆಯನ್ನು ಮನೆಗೆ ಒಯ್ಯಿರಿ.