ಹೆಣ್ಣು ನೋಡೋ ಕಣ್ಣು



ನನ್ನ ತಂಗಿಯನ್ನು ನೋಡಲು ಬಂದಿದ್ದರು. ಬಂದವರು ಮೇಲ್ಜಾತಿಯವರಲ್ಲ, ನಮ್ಮವರೇ, ನಮ್ಮಂಥದೇ ಕೇರಿಯವರು. ಚಾಪೆ ಹಾಸಿ ಕೂರಿಸಿದೆವು. ಹುಡುಗನ ಸೋದರಮಾವ 'ಒಂದೀಟು ಆ ಬಾಗ್ಲಗಂಟ ಹೋಗಿ ಬಾ ತಾಯಿ' ಅಂದ. ತಂಗಿ ನಡೆದಳು. ಜಾತ್ರೆಯಲ್ಲಿ ಎತ್ತನ್ನೂ ಹೀಗೇ ನಡೆಸಿ ನೋಡುತ್ತಾರೆ, ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾರೆ. ಇಲ್ಲಿ ಹಲ್ಲೊಂದು ಎಣಿಸಲಿಲ್ಲ ಅಷ್ಟೆ. ಅವತ್ತು ರಾತ್ರಿ ಸಿಟ್ಟಿನಲ್ಲಿ ಒಂದು ಪದ್ಯ ಬರೆದೆ. ಓದಿದವರೆಲ್ಲ ಹೊಗಳಿದರು.

ಮೂರು ತಿಂಗಳಾದ ಮೇಲೆ ಗೆಳೆಯನೊಬ್ಬನಿಗೆ ಹೆಣ್ಣು ನೋಡಲು ನಾನೂ ಹೋದೆ. ಉಪ್ಪಿಟ್ಟು ತಿಂದು, ವಾಪಸ್ಸು ಬಸ್ಸಿಗೆ ಕಾಯುವಾಗ 'ಬಣ್ಣ ಸ್ವಲ್ಪ ಕಮ್ಮಿಯಾಯ್ತು ಕಣೋ' ಅಂದವನು ನಾನೇ. ಮನೆಗೆ ಬಂದು ಅದನ್ನೇ ಹೇಳಿದೆ. ಪಾತ್ರೆ ತೊಳೆಯುತ್ತಿದ್ದ ತಂಗಿ ತಲೆ ಎತ್ತದೆ ಕೇಳಿದಳು: 'ಆ ಹುಡುಗಿ ಹೆಸರೇನಣ್ಣ?'

ನನಗೆ ನೆನಪಿರಲಿಲ್ಲ.

'ಹೆಣ್ಣನ್ನು ಭೋಗದ ವಸ್ತುವಾಗಿ ಕಾಣುತ್ತಾರೆ' ಅಂತ ನಾವು ವೇದಿಕೆ ಮೇಲೆ ಸಲೀಸಾಗಿ ಹೇಳುತ್ತೇವೆ. ಕಾಣುತ್ತಾರೆ! ಯಾರು? ಜಮೀನ್ದಾರ, ಪುರೋಹಿತ, ಸಿನಿಮಾದವನು, ಜಾಹೀರಾತಿನವನು. ನಾವು ಮಾತ್ರ ಆ ಪಟ್ಟಿಯಲ್ಲಿಲ್ಲ. ಮನುಷ್ಯರನ್ನು ವಸ್ತು ಮಾಡುವುದೆಂದರೆ ಏನು ಅಂತ ಅಮೆರಿಕದ ತತ್ವಶಾಸ್ತ್ರಜ್ಞೆ ಮಾರ್ತಾ ನುಸ್‌ಬಾಮ್ 1995ರಲ್ಲಿ ಏಳು ಗುರುತುಗಳನ್ನು ಕೊಟ್ಟರು. ತನ್ನ ಕೆಲಸಕ್ಕೆ ಸಲಕರಣೆ ಮಾಡಿಕೊಳ್ಳುವುದು, ಸ್ವಂತ ತೀರ್ಮಾನವೇ ಇಲ್ಲವೆನ್ನುವುದು, ಜಡವೆಂದು ಬಗೆಯುವುದು, ಇವಳಿಲ್ಲದಿದ್ದರೆ ಇನ್ನೊಬ್ಬಳು ಎನ್ನುವುದು, ಮುರಿದರೂ ತಪ್ಪಿಲ್ಲವೆನ್ನುವುದು, ಕೊಳ್ಳಬಹುದು ಮಾರಬಹುದು ಎನ್ನುವುದು, ಅವಳಿಗೂ ಒಂದು ಒಳಗಿದೆ ಎಂಬುದನ್ನು ಲೆಕ್ಕಕ್ಕೇ ಹಿಡಿಯದಿರುವುದು. ನಾನು ಆ ಪಟ್ಟಿಯಲ್ಲಿ ತಂಗಿಯನ್ನು ಹುಡುಕುತ್ತಿದ್ದೆ. ಸಿಕ್ಕಿದ್ದು ನಮ್ಮ ತಾತ. ಸಾಲಕ್ಕೆ ಜೀತಕ್ಕಿದ್ದವನು. ಧಣಿಯ ಮನೆಯಲ್ಲಿ ಎತ್ತಿಷ್ಟು, ಆಳಿಷ್ಟು ಅಂತ ಒಟ್ಟಿಗೇ ಲೆಕ್ಕ. ಏಳಕ್ಕೆ ಏಳೂ ಅವನ ಬದುಕಿಗೆ ಹೊಂದುತ್ತವೆ.

ಅಂಥ ತಾತ ರಾತ್ರಿ ಗುಡಿಸಲಿಗೆ ಬಂದು ಅಜ್ಜಿಯನ್ನು ಹೊಡೆಯುತ್ತಿದ್ದ. ವಸ್ತುವಾಗುವುದು ಎಂಥ ನೋವು ಅಂತ ಚೆನ್ನಾಗಿ ಗೊತ್ತಿದ್ದವನು ಇನ್ನೊಬ್ಬರನ್ನು ಹೇಗೆ ವಸ್ತು ಮಾಡಿದ? ನನ್ನನ್ನು ಕಾಡುವ ಪ್ರಶ್ನೆ ಇದೇ.

ಮೇಲಿನವನ ಮೇಲಿನ ಸಿಟ್ಟು ಕೆಳಗಿನವರ ಮೇಲೆ ಇಳಿಯುತ್ತೆ ಅನ್ನುತ್ತಾರೆ. ಅರ್ಧ ನಿಜ. ಬರೀ ಸಿಟ್ಟು ತೀರಬೇಕಾಗಿದ್ದರೆ ಗೋಡೆಗೆ ಗುದ್ದಬಹುದಿತ್ತು. ಆದರೆ ಗೋಡೆ 'ನೀನೇ ಯಜಮಾನ' ಅನ್ನುವುದಿಲ್ಲ. ಹಗಲೆಲ್ಲ ಆಳಾಗಿದ್ದವನಿಗೆ ರಾತ್ರಿಯಾದರೂ ಯಜಮಾನನಾಗಬೇಕು. ಅದಕ್ಕೆ ಎದುರಿಗೆ ತಲೆ ತಗ್ಗಿಸುವ ಮನುಷ್ಯ ಜೀವವೇ ಬೇಕು.

ಹಾಗಾದರೆ ಹೆಣ್ಣು ಮನುಷ್ಯಳೆಂದು ತಿಳಿಯದೆ ಗಂಡಸು ಹೀಗೆ ಮಾಡುತ್ತಾನೆ ಅನ್ನುವುದು ಸುಳ್ಳು. ಸೊರಬ ತಾಲ್ಲೂಕಿನ ಚಂದ್ರಗುತ್ತಿಯನ್ನು ನೆನೆಯಿರಿ. 1986ರ ಮಾರ್ಚಿನಲ್ಲಿ ರೇಣುಕಾಂಬೆಯ ಹೆಸರಿನ ಬೆತ್ತಲೆ ಸೇವೆ ತಡೆಯಲು ದಲಿತ ಸಂಘರ್ಷ ಸಮಿತಿಯವರು ಹೋದಾಗ ಗುಂಪು ಅವರ ಮೇಲೆ ಬಿತ್ತು. ಪೊಲೀಸರನ್ನೂ ಬಿಡಲಿಲ್ಲ. ಮಹಿಳಾ ಪೊಲೀಸರ ಬಟ್ಟೆ ಕಿತ್ತು ಬೆತ್ತಲೆ ಮೆರವಣಿಗೆ ಮಾಡಿದರು. ಆಮೇಲೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ಯೋಚನೆ ಮಾಡಿ, ಕಂಬದ ಬಟ್ಟೆ ಬಿಚ್ಚಿ ಯಾರಾದರೂ ಕೇಕೆ ಹಾಕುತ್ತಾರ? ಆ ಹೆಂಗಸರಿಗೆ ಮಾನ ಉಂಟು ಅಂತ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಬಿಚ್ಚಿದರು.

ಇದು ನಮಗೆ ಹೊಸ ಪಾಠವಲ್ಲ. ಹೋಟೆಲಿನಲ್ಲಿ ಎಮ್ಮೆಗೆ ಯಾರೂ ಬೇರೆ ಲೋಟ ಇಡುವುದಿಲ್ಲ. ಮನುಷ್ಯನೆಂದು ಗೊತ್ತಿರುವವನಿಗೆ ಮಾತ್ರ ಬೇರೆ ಲೋಟ. ಗೊತ್ತಿದ್ದೂ ಗೊತ್ತಿಲ್ಲದಂತಿರುವುದನ್ನು ಜಾತಿ ಸಾವಿರಾರು ವರ್ಷ ಕಲಿಸಿದೆ. ಹೆಣ್ಣನ್ನು ನೋಡುವ ಕಣ್ಣೂ ಅದೇ ಮಠದಲ್ಲಿ ಓದಿದ್ದು.

ಯಾಕೆ ಗೊತ್ತಿಲ್ಲದಂತಿರಬೇಕು? ಮನುಷ್ಯಳಾದರೆ 'ಒಲ್ಲೆ' ಅಂದಾಳು ಎಂಬ ಭಯಕ್ಕೆ. 'ಒಲ್ಲೆ'ಗಿಂತ ದೊಡ್ಡ ಭಯ, ತನಗೆ ಬೇಕಾದವನಿಗೆ 'ಹೂಂ' ಅಂದಾಳು ಎಂಬುದು. ಬಾಬಾಸಾಹೇಬರು 1916ರಲ್ಲಿ, ಇಪ್ಪತ್ತೈದರ ಹರೆಯದಲ್ಲಿ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರಬಂಧದಲ್ಲಿ ಈ ಗುಟ್ಟನ್ನು ಬಯಲು ಮಾಡಿದರು. ಜಾತಿ ನಿಂತಿರುವುದೇ ಜಾತಿಯೊಳಗಿನ ಮದುವೆಯ ಮೇಲೆ. ಅದಕ್ಕಾಗಿಯೇ ಸತಿ, ವಿಧವೆಯ ಮೇಲಿನ ಕಟ್ಟು, ಎಳೆ ಹುಡುಗಿಯ ಮದುವೆ. ಗಂಡ ಸತ್ತವಳನ್ನು ಅವರು 'ಹೆಚ್ಚುವರಿ' ಹೆಣ್ಣು ಅಂತ ಕರೆದದ್ದು ಸುಮ್ಮನಲ್ಲ. ಜಾತಿಯ ಲೆಕ್ಕದಲ್ಲಿ ಅವಳೊಂದು ಮಿಕ್ಕಿದ ಸಾಮಾನು. ಹೆಣ್ಣಿನ ಬಾಯಿಗೆ ಬೀಗ ಹಾಕದೆ ಜಾತಿ ಒಂದು ತಲೆಮಾರು ಬಾಳದು. ಅಂದಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಬಣ್ಣ ಅಳೆದ ನಾನು ಯಾರ ತಕ್ಕಡಿ ಹಿಡಿದಿದ್ದೆ? ನಮ್ಮನ್ನು ತೂಗಿದವರದೇ ತಕ್ಕಡಿ.

ಈ ಕಣ್ಣು ನೋಡಿಸಿಕೊಂಡವರ ಒಳಗೂ ಇಳಿಯುತ್ತದೆ. ಹೀಗೆ ದಿನಾ ನೋಡಿಸಿಕೊಂಡ ಹೆಣ್ಣು ತನ್ನ ಮೈಯನ್ನು ತಾನೇ ಹೊರಗೆ ನಿಂತು ನೋಡಲು ಕಲಿಯುತ್ತಾಳೆ ಅಂತ ಫ್ರೆಡ್ರಿಕ್ಸನ್, ರಾಬರ್ಟ್ಸ್ ಎಂಬ ಇಬ್ಬರು ಮನಃಶಾಸ್ತ್ರಜ್ಞೆಯರು 1997ರಲ್ಲಿ ಬರೆದರು. ನೋಡಲು ಬಂದವರು ಹೋದ ಮೇಲೆ ತಂಗಿ ಮುಖಕ್ಕೆ ಹಚ್ಚುವ ಕ್ರೀಮು ತಂದಿಟ್ಟುಕೊಂಡಿದ್ದಾಳೆ. ನಾನು ಕಂಡೂ ಕಾಣದವನಂತಿದ್ದೆ.

ನನ್ನ ಪದ್ಯಗಳನ್ನು ತೆಗೆದು ನೋಡಿದೆ. ಅಲ್ಲಿ ಹೆಣ್ಣು ಭೂಮಿಯಾಗಿದ್ದಾಳೆ, ಬೆಂಕಿಯಾಗಿದ್ದಾಳೆ, ಗಾಯವಾಗಿದ್ದಾಳೆ. ಒಂದರಲ್ಲೂ ಮಾತಾಡಿಲ್ಲ. ತಂಗಿಯ ಮೇಲೆ ಬರೆದ ಪದ್ಯದಲ್ಲೂ ಅವಳು ನಡೆದು ಹೋಗಿ ನಡೆದು ಬರುತ್ತಾಳೆ ಅಷ್ಟೆ. ನಾನೂ ಅವಳನ್ನು ಬಾಗಿಲ ತನಕ ನಡೆಸಿದ್ದೆ.

ತಾತನ ನೋವು ತಾತನ ಕೈಗೆ ಕ್ಷಮೆಯಲ್ಲ. ನನ್ನ ಹಸಿವು, ನನ್ನ ಅವಮಾನ ನನ್ನ ಕಣ್ಣಿಗೂ ಕ್ಷಮೆಯಲ್ಲ. ನಮ್ಮ ಚಳವಳಿ ಧಣಿಯ ಹೊಲದಲ್ಲಿ ಶುರುವಾಗಿ ನಮ್ಮ ಹೊಸಿಲ ಮುಂದೆ ನಿಂತುಬಿಟ್ಟರೆ ಅದು ಬಂಡಾಯವಲ್ಲ, ಯಜಮಾನಿಕೆಗೆ ಹಾಕಿದ ಅರ್ಜಿ.

ಗೆಳೆಯನಿಗೆ ಫೋನು ಮಾಡಿ ಆ ಹುಡುಗಿಯ ಹೆಸರು ಕೇಳಿದೆ. ಅವನೂ ಎರಡು ಗಳಿಗೆ ಯೋಚಿಸಿ ಹೇಳಿದ. ಇಲ್ಲಿ ಬರೆಯುವುದಿಲ್ಲ. ಬರೆಯಲೇ ಅಂತ ಅವಳನ್ನು ಕೇಳಿಲ್ಲ.